ನಿನ್ನೆಯ ಗುಟ್ಟಿನ ಮಾತು

ಸುಯುನ್,

ಇದನ್ನು ಪೂರ್ತಿ ಓದುವ ತನಕ ಬಾಗಿಲು ಮುಟ್ಟಬೇಡ. ಒಳಗೆ ನಿಮ್ಮಪ್ಪ ಗುದ್ದಲಿ ಕಾವು ಹಿಡಿದು ಕೂತಿದ್ದಾರೆ.

ನಿಮ್ಮಣ್ಣ ಬೋಲಿನ್‌ನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೇನೆ. ಹೆಗಲ ಮೂಳೆ ಮುರಿದಿದೆ, ಒಂದು ಕಿವಿ ಹರಿದು ಜೋತಾಡುತ್ತಿದೆ. ಸೈನ್ಯ ಬಿಟ್ಟು ಇಷ್ಟು ವರ್ಷವಾದರೂ ಬಾಗಿಲಲ್ಲಿ ಹೇಳಿಯೇ ಒಳಗೆ ಬರಬೇಕಾದ ಗುಟ್ಟಿನ ಮಾತನ್ನು ದಿನಕ್ಕೊಂದರಂತೆ ಬರೆಯುವ ಚಾಳಿ ನಿಮ್ಮಪ್ಪನನ್ನು ಬಿಟ್ಟಿಲ್ಲವಲ್ಲ! ಊಟಕ್ಕೆ ಬಂದ ಬೋಲಿನ್ ಬಾಗಿಲಲ್ಲಿ ನಿಂತು ನಿನ್ನೆಯದನ್ನೇ ಹೇಳಿದ, "ಉಪ್ಪುಮೀನು" ಅಂತ. ಇವತ್ತಿನದು "ಜೋಳ". ಬೆಳಿಗ್ಗೆಯೇ ಕ್ಯಾಲೆಂಡರಿನಲ್ಲಿ ಬರೆದಿತ್ತು. ಆ ದಡ್ಡ ಹೊರಗೆ ಹೋಗುವಾಗ ನೋಡಿರಲಿಲ್ಲ. ಮೂರು ಏಟು ಬಿದ್ದವು. ನಾಲ್ಕನೆಯದು ಅಡ್ಡ ಬಂದ ನನ್ನ ಮೊಣಕೈಗೆ.

ರಕ್ತ ಕಂಡ ಮೇಲೆ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಗೂ, ನಿನ್ನೇದು ಯಾಕೋ ಹೇಳ್ದೆ? ನಾನ್ ಗುಂಡ್ ಹೊಡೀದೆ ಇನ್ನೇನ್ ಮಾಡ್ಲೋ?" ಅಂತ ಗೋಳಾಡಿದರು. ಅವರ ಸೈನ್ಯದ ಗೆಳೆಯ ಗೂ, ಕಿನ್ಮೆನ್ ದ್ವೀಪದ ಕಾವಲಿನಲ್ಲಿ ಸತ್ತನಲ್ಲ, ಅವನನ್ನು ಕೊಂದದ್ದು ಶತ್ರುವಲ್ಲ ಅಂತ ನನಗೂ ಇವತ್ತೇ ಗೊತ್ತಾದದ್ದು. ಆಮೇಲೆ ಕಣ್ಣೊರೆಸಿಕೊಂಡು ಮತ್ತೆ ಕಾವಲಿಗೆ ಕೂತರು.

ನೆಲದ ರಕ್ತ ಒರೆಸು. ಅನ್ನ ಕುಕ್ಕರಿನಲ್ಲಿದೆ, ಅವರಿಗೆ ಬಡಿಸು. ಬೈಯಬೇಡ, ಅದು ನನ್ನ ಪಾಲಿಗಿರಲಿ.

ಕ್ಯಾಲೆಂಡರನ್ನು ಹರಿದು ಚೂರು ಚೂರು ಮಾಡಿದ್ದೇನೆ. ಹೊರಡುವಾಗ ಅವರೆದುರು ನಿಂತು, "ಮೇಲಿಂದ ಆರ್ಡರ್ ಬಂದಿದೆ. ಇನ್ಮೇಲೆ ದಿನಾ ಒಂದೇ ಮಾತು, ಬೋಲಿನ್!" ಅಂತ ಗದರಿದೆ. ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನೂ ಕೇಳದವರು ಎದ್ದು ನಿಂತು ಸೆಲ್ಯೂಟ್ ಹೊಡೆದರು.

ಮೂರು ಸಲ ತಟ್ಟು. "ಯಾರದು?" ಅಂದರೆ ನಿನ್ನ ಹೆಸರು ಹೇಳಬೇಡ. ಅಣ್ಣನ ಹೆಸರು ಕೂಗು, ಗಟ್ಟಿಯಾಗಿ. ಬದುಕಿರುವ ತನಕ ಅದು ಅವರ ಕಿವಿಗೆ ದಿನಾ ಬೀಳಲಿ.

ಅಮ್ಮ