ಹೆಬ್ಬಾತು ತಿಂದ ದೊರೆ

ನವೆಂಬರ್ ೧೨, ೧೬೫೧

ಮಾನ್ಯ ಸಭಾಸದರೇ, ಈ ಹಳ್ಳಿಮೇಷ್ಟರ ಗಹನ ಸಂಕಟವನ್ನು ದಯಮಾಡಿ ಆಲಿಸಿ. ರಾಜನನ್ನು ಯುದ್ಧದಲ್ಲಿ ಸೋಲಿಸಿದ ಈ ರಾಜನಿಲ್ಲದ ಸರ್ಕಾರಕ್ಕೆ ನಿಷ್ಠನಾಗಿರುತ್ತೇನೆಂದು ನಾಳೆ ರುಜು ಹಾಕಬೇಕು. ಹಾಕದಿದ್ದರೆ ಶಾಲೆಯೂ ಇಲ್ಲ, ಶಾಲೆ ಕೊಟ್ಟ ಈ ಮನೆಯೂ ಇಲ್ಲ. ಯುದ್ಧದ ವಾಸನೆಗೇ ಪ್ಯಾರಿಸ್ಸಿಗೆ ಓಡಿದ ನಮ್ಮ ನಾಡಿನ ತತ್ವಜ್ಞಾನಿಯೊಬ್ಬರ ಹೊಸ ಪುಸ್ತಕ ಓದಿದೆ. ನಮ್ಮನ್ನು ಯಾರು ಕಾಯುತ್ತಾರೋ ಅವರಿಗೇ ವಿಧೇಯರಾಗಬೇಕಂತೆ. ನನ್ನ ಪ್ರಾಸದಲ್ಲಿ ಹೇಳುವುದಾದರೆ, ಕಾಯುವವನೇ ದೊರೆ, ಕಾಯಲಾರದವನು ಹೊರೆ.

ಹೆಂಡತಿ ಥಾಮಸೀನ್‌ಗೆ ಓದಿ ಹೇಳಿದೆ.

"ನಮ್ಮನೇಲಿ ಬಿಡಾರ ಹೂಡಿರೋ ಸರ್ಕಾರದ ಸಿಪಾಯಿ ಹೆಬ್ಬಾತು ಹಿಡಿದು ತಿಂದ್ನಲ್ಲ, ಅವನೂ ದೊರೇನೇನ್ರೀ?"

"ಕಳ್ಳರನ್ನ ಓಡಿಸಿದವನೂ ಅವನೇ ಕಣೇ."

"ಹಾಗಾದ್ರೆ ಬಾತು ಕಪ್ಪಕಾಣಿಕೆ ಅಂದ್ಕೊಳ್ಳಿ. ರುಜು ಹಾಕ್ಬಿಡಿ ಮತ್ತೆ."

ತರ್ಕದಲ್ಲಿ ಎಲ್ಲಿ ಹುಡುಕಿದರೂ ತಪ್ಪು ಸಿಗುತ್ತಿಲ್ಲ. ಸಿಪಾಯಿಯೂ ಕೆಟ್ಟವನಲ್ಲ, ಇವತ್ತು ಸೌದೆ ಒಡೆದುಕೊಟ್ಟ. ಆದರೂ ಒಪ್ಪಿಗೆಯಾಗುತ್ತಿಲ್ಲ, ಏಕೆಂದು ತಿಳಿಯದು.

ತಿಳಿಯದೆ ಏನು. ಈ ದಿನಚರಿಯಲ್ಲಿ ಸಭಾಸದರು ಯಾರೂ ಇಲ್ಲ. ಸೆಪ್ಟೆಂಬರಿನಲ್ಲಿ ವೂಸ್ಟರ್ ಕದನದಲ್ಲಿ ನಮ್ಮ ಮಗ ಆಂಬ್ರೋಸ್ ರಾಜನ ಕಡೆ ಹೋರಾಡಿ ಸತ್ತ. ಅವಳೂ ಅವನ ಹೆಸರೆತ್ತಲಿಲ್ಲ, ನಾನೂ ಎತ್ತಲಿಲ್ಲ. ರಾಜನೇ ಬೇಡವೆಂದು ಅಪ್ಪ ಬರೆದುಕೊಟ್ಟರೆ, ಹುಡುಗ ಸತ್ತದ್ದು ಯಾತಕ್ಕೆ…