ಎರಡು ಪುಸ್ತಕಗಳ ನಡುವಿನ ಗೋಡೆ

ಅಕ್ಕಾ, ನಿನ್ನ ತಮ್ಮನ ಸಾಷ್ಟಾಂಗ! ಒಲೆ ಆರಿಸಿ, ಕುಳಿತು ಓದು.

ಬಂದರು ಕಾವಲಿನ ಹಳೆಯ ದಾಖಲೆ ಕಚೇರಿಯಲ್ಲಿ ಅಮ್ಮನ ಅಪ್ಪ, ನಮ್ಮಜ್ಜ, ಸಿಕ್ಕಿದ! ಸೇವಾ ಪುಸ್ತಕದಲ್ಲಿ ಇದ್ದದ್ದು ನಾವು ಹುಟ್ಟಿದಾಗಿನಿಂದ ಕೇಳಿದ್ದೇ: "ಕಾವಲು ಬಿಟ್ಟು ಪರಾರಿ." ತಲೆ ತಗ್ಗಿಸಿ ಎದ್ದೆ. ಪುಸ್ತಕ ತೆಗೆದುಕೊಡುವ ಹೆಂಗಸು, "ಕೂತ್ಕೊಳ್ಳಿ ಯಜಮಾನ್ರೇ, ಅರ್ಧಕ್ಕೇ ಎದ್ದೋದ್ರೆ ಹೇಗೆ? ಗೋಪುರದ ಪುಸ್ತಕ ಪಕ್ಕದ ಕೋಣೇಲಿದೆ. ಅದನ್ನ ಯಾರೂ ಕೇಳೋದೇ ಇಲ್ಲ" ಎಂದಳು.

ಕಾವಲು ಗೋಪುರದಲ್ಲಿ ಗಂಟೆಗೊಮ್ಮೆ ರುಜು ಹಾಕಬೇಕಂತೆ. ಆ ದಿನ ಮಧ್ಯಾಹ್ನ ಎರಡರವರೆಗೆ ಅಜ್ಜನ ರುಜು. ಮೂರರ ಸಾಲಿನಲ್ಲಿ ಜೊತೆಗಾರನ ಕೈಬರಹ: "ದೋಣಿ ಬಂಡೆಗೆ ಬಡಿದಿದೆ. ಹಗ್ಗ ಹಿಡಿದು ಇಳಿದ. ಮೂವರನ್ನು ದಡಕ್ಕೆ ತಂದ. ನಾಲ್ಕನೆಯವನಿಗಾಗಿ ಹೋದವನು ಮೇಲೆ ಬರಲಿಲ್ಲ."

ಎರಡು ಪುಸ್ತಕ, ನಡುವೆ ಒಂದೇ ಗೋಡೆ, ಎಪ್ಪತ್ತು ವರ್ಷ! ಅಷ್ಟೂ ವರ್ಷ ನಮ್ಮಮ್ಮ "ಓಡಿಹೋದವನ ಮಗಳು." 'ಅಯ್ಯೋ ವಿಧಿಯೇ' ಎಂದು ರಂಗದ ಮೇಲೆ ಸಾವಿರ ಸಲ ಅಬ್ಬರಿಸಿದ ನಾನು, ಆ ಮೂರರ ಸಾಲನ್ನು ಬೆರಳಿಟ್ಟು ಮೆಲ್ಲಗೆ ಎರಡು ಸಲ ಓದಿದೆ.

ಧೂಳಿಗೆ ಕೆಮ್ಮು ಹತ್ತಿದೆ, ಜ್ವರವಿಲ್ಲ. ನಕಲು ಕೈಗೆ ಬರಲು ನಾಲ್ಕು ದಿನ ಬೇಕು. ಬೇಕೆಂದೇ ಲಕೋಟೆ ಬಿಟ್ಟು ಕಾರ್ಡು ಕೊಂಡೆ. ಅಂಚೆಯವನಿಂದ ಹಿಡಿದು ಬೀದಿಯವರೆಲ್ಲ ಓದಿಕೊಳ್ಳಲಿ!

ಜಾಗ ಮುಗಿಯಿತು. ಅಮ್ಮನಿಗೆ ಈಗ ನಮ್ಮ ಮುಖಗಳೇ ನೆನಪಿಲ್ಲ, ಬಲ್ಲೆ. ಆದರೂ ಕಿವಿಯ ಹತ್ತಿರ ಬಗ್ಗಿ ಹೇಳು: ನಿನ್ನಪ್ಪ ಓಡಿಹೋಗಲಿಲ್ಲ. "ಯಾರ ಅಪ್ಪ?" ಎಂದು ಕೇಳಿದರೆ, ಇನ್ನೊಂದು ಸಲ ಹೇಳು.

ನಿನ್ನ ತಮ್ಮ