ನಿನ್ನ ಹೆಸರಿನಲ್ಲಿರುವ ತಾರೀಕು

ಗಂಗಾವತಿ
8 ಡಿಸೆಂಬರ್ 2024, ಭಾನುವಾರ

ಪ್ರೀತಿಯ ರೇಣವ್ವಾ,

ಹೇಗಿದ್ದೀಯ? ಕುಷ್ಟಗಿಯ ನೀರು ಹೊಟ್ಟೆಗೆ ಒಗ್ಗಿತೋ, ಇನ್ನೂ ಕುದಿಸಿಯೇ ಕುಡಿಯುತ್ತಿದ್ದೀಯೋ? ಸೀಮೆಸುಣ್ಣದ ಪುಡಿಗೆ ನಿನಗೆ ಮೊದಲಿನಿಂದಲೂ ಕೆಮ್ಮು. ದಿನದ ಕೊನೆಯ ಪಾಠದವರೆಗೆ ದನಿ ಉಳಿಯುತ್ತದೆಯೇ? ಇವು ಫೋನಿನಲ್ಲಿ ಕೇಳುವ ಮಾತುಗಳು. ಆದರೆ ನೀನು ನಿಮ್ಮವ್ವನ ಫೋನು ಮಾತ್ರ ಎತ್ತುತ್ತೀ. ನಾನು ಪಕ್ಕದಲ್ಲೇ ಕೂತಿರುತ್ತೇನೆ, ಅವಳು ನನ್ನ ಕಡೆ ನೋಡುತ್ತಾಳೆ, ನಾನು ಬೇಡವೆಂದು ಕೈ ಆಡಿಸುತ್ತೇನೆ. ಒಂಬತ್ತು ತಿಂಗಳಿಂದ ಹೀಗೇ ನಡೆದಿದೆ. ಪತ್ರವಾದರೆ ಬೇಕಾದಾಗ ಒಡೆಯಬಹುದು, ಒಡೆಯದೆಯೂ ಇಡಬಹುದು.

ಅಕ್ಟೋಬರ್ ಮೂರರಂದು ಹುಬ್ಬಳ್ಳಿಯಲ್ಲಿ ನನಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದದ್ದನ್ನು ನಿಮ್ಮವ್ವ ಹೇಳಿರುತ್ತಾಳೆ. ಜಠರದ ಮುಕ್ಕಾಲು ಪಾಲು ತೆಗೆದಿದ್ದಾರೆ. ಉಳಿದದ್ದು ಒಂದು ಬಾಳೆಕಾಯಿಯಷ್ಟು ಎಂದು ಡಾಕ್ಟರು ಬೆರಳಲ್ಲಿ ತೋರಿಸಿದರು. ನೂರಾ ಮೂವತ್ತೊಂದು ಕಿಲೋ ಇದ್ದವನು ಈಗ ನೂರಾ ಏಳಕ್ಕೆ ಬಂದಿದ್ದೇನೆ. ನಿನಗಾಗಿ ಮಾಡಿಸಿಕೊಂಡೆ ಎಂದು ತಿಳಿಯಬೇಡ. ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗುತ್ತಿರಲಿಲ್ಲ, ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು, ಅಂಗಡಿಯಲ್ಲಿ ದರ ಮಾತಾಡುತ್ತಲೇ ಗೊರಕೆ ಹೊಡೆದದ್ದೂ ಉಂಟು. ಮಗಳ ಎದುರು ತಪ್ಪೊಪ್ಪಿಕೊಳ್ಳಲು ಹೊಟ್ಟೆ ಕೊಯ್ಯಿಸಿಕೊಳ್ಳುವಷ್ಟು ದೊಡ್ಡ ಮನುಷ್ಯ ನಾನಲ್ಲ.

ನಿಜವಾಗಿ ಅದು ಸೆಪ್ಟೆಂಬರಿನಲ್ಲೇ ಆಗಬೇಕಿತ್ತು. ಅದಕ್ಕೆ ಮೊದಲು ಎರಡು ವಾರ ಬರೀ ದ್ರವ ಆಹಾರ ತೆಗೆದುಕೊಂಡು ಯಕೃತ್ತಿನ ಕೊಬ್ಬು ಕರಗಿಸಬೇಕು, ಇಲ್ಲದಿದ್ದರೆ ಒಳಗೆ ಕೈಯಾಡಿಸಲು ಜಾಗವಿರುವುದಿಲ್ಲವಂತೆ. ಮಜ್ಜಿಗೆ, ತಿಳಿಸಾರು, ಹಾಲಿನಲ್ಲಿ ಕಲಸುವ ಒಂದು ಪುಡಿ ಎಂದು ಚೀಟಿ ಕೊಟ್ಟಿದ್ದರು. ಚೀಟಿಯಲ್ಲಿ ಗಂಜಿಯ ಹೆಸರಿರಲಿಲ್ಲ. ಬರೆಯಲು ಮರೆತಿರಬೇಕು ಎಂದುಕೊಂಡೆ. ನಮ್ಮಲ್ಲಿ ಗಂಜಿ ಕುಡಿಯುವ ವಸ್ತುವೇ ಹೊರತು ಉಣ್ಣುವುದಲ್ಲ. ಹದಿನಾಲ್ಕು ದಿನ ಅನ್ನ ಮುಟ್ಟಲಿಲ್ಲ, ರೊಟ್ಟಿ ಮುಟ್ಟಲಿಲ್ಲ, ನನ್ನ ಸಂಯಮಕ್ಕೆ ನಾನೇ ಬೆರಗಾಗಿದ್ದೆ. ಹುಬ್ಬಳ್ಳಿಗೆ ಹೋಗಿ ತೂಕಕ್ಕೆ ನಿಂತರೆ ಎರಡು ಕಿಲೋ ಏರಿದ್ದೆ. ಪಥ್ಯ ಹೇಳುವ ಹುಡುಗಿ ನಿನ್ನ ವಯಸ್ಸಿನವಳು. "ಏನ್ ತಗೊಂಡ್ರಿ ಯಜಮಾನ್ರ?" ಎಂದಳು. "ಬರೇ ನೀರಾಹಾರನ್ರಿ" ಎಂದೆ. "ನೀರಾಹಾರ ಅಂದ್ರ?" "ಗಂಜಿ." "ಎಷ್ಟು?" "ದಿನಕ್ಕ ನಾಲ್ಕು ಚಂಬು, ಹಸಿವಾದ್ರ ಐದು." ಅವಳು ಪೆನ್ನು ಕೆಳಗಿಟ್ಟಳು. "ಯಜಮಾನ್ರ, ಗಂಜಿ ಅಂದ್ರ ಅಕ್ಕೀನ ಅಲ್ರಿ!" ನನ್ನ ಜೊತೆ ಬಂದಿದ್ದ ನಮ್ಮ ಅಂಗಡಿಯ ಜಿಲಾನಸಾಬ ಹೊರಗೆ ಹೋಗಿ ಗೋಡೆ ಹಿಡಿದು ನಕ್ಕ. ತಾರೀಕು ಮುಂದೆ ಹಾಕಿ ನಮ್ಮನ್ನು ವಾಪಸು ಕಳಿಸಿದರು. ಬಸ್ಸಿನಲ್ಲಿ ಕೊಪ್ಪಳ ದಾಟುವವರೆಗೂ ಬಿಡಲಿಲ್ಲ. "ಮೂವತ್ತು ವರ್ಷ ಅಕ್ಕಿ ಮಾರೀರಿ ಸಾವ್ಕಾರ್ರ, ಅಕ್ಕಿ ಯಾವುದಂತ ಹುಬ್ಬಳ್ಯಾಗ ಹೇಳಿಸ್ಕೊಂಡು ಬರಬೇಕಾತು." ಊರಿನಲ್ಲಿ ಮಾತ್ರ ನಾನು ಹೆದರಿ ಓಡಿಬಂದೆನೆಂದು ಸುದ್ದಿಯಾಯಿತು. ಅದೇ ವಾಸಿಯೆಂದು ಸುಮ್ಮನಿದ್ದೆ.

ಎರಡನೇ ಸಲದ ಎರಡು ವಾರ ನಿಜವಾದದ್ದು. ನಾಲ್ಕನೇ ದಿನ ತಲೆ ಹಗುರಾಯಿತು. ನಿಮ್ಮವ್ವ ಊಟಕ್ಕೆ ಕೂತಾಗ ಎದ್ದು ಹೊರಗಿನ ಕಟ್ಟೆಗೆ ಹೋಗುತ್ತಿದ್ದೆ. ಬದನೆಕಾಯಿ ಎಣ್ಣೆಗಾಯಿಯ ವಾಸನೆ ಕಟ್ಟೆಯವರೆಗೂ ಬರುತ್ತಿತ್ತು. ಅಲ್ಲಿ ಕೂತಾಗ ಒಂದು ಸಂಗತಿ ನೆನಪಾಯಿತು. ದುಃಖ ಇತ್ಯಾದಿ ಆಗಲಿಲ್ಲ, ನೆನಪಾಯಿತು ಅಷ್ಟೆ. ಹೋದ ಫೆಬ್ರವರಿಯಲ್ಲಿ ಯಲಬುರ್ಗಾದ ಕನಕಪ್ಪನವರು ತಮ್ಮ ಮಗನಿಗೆ ನಿನ್ನನ್ನು ನೋಡಲು ಬರುತ್ತೇವೆಂದಾಗ, ಅದಕ್ಕೆ ಮೂರು ವಾರ ಮೊದಲಿನಿಂದ "ಆಕಿಗೆ ರಾತ್ರಿ ಊಟ ಬಿಡಿಸು" ಎಂದು ನಿಮ್ಮವ್ವನಿಗೆ ಹೇಳಿದವನು ನಾನು. ಹೇಳುವಾಗ ನನ್ನ ತಟ್ಟೆಯಲ್ಲಿ ಮೂರನೇ ಸಲದ ಅನ್ನವಿತ್ತು. ನೀನು ಮಜ್ಜಿಗೆ ಲೋಟ ಬದಿಗಿಟ್ಟುಕೊಂಡು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ನಾನು ಎದ್ದುಹೋದಂತೆ ನೀನು ಕಟ್ಟೆಗೆ ಎದ್ದುಹೋಗಲಿಲ್ಲ. ಪೆನ್ನು ಮುಚ್ಚಿ ಬಂದು ನನಗೆ ಸಾರು ಬಡಿಸಿದೆ.

ಬಂದವರು ನೋಡಿದರು, ಉಪ್ಪಿಟ್ಟು ತಿಂದರು. ಕನಕಪ್ಪನವರು ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಹುಡುಗಿ ಛಲೋ ಅದಾಳ್ರಿ, ಮಾತಿಲ್ಲ. ಮೈ ಒಂದೀಟು ಇಳೀಬೇಕು ನೋಡ್ರಿ" ಎಂದರು. ನಾನು "ಇಳಿಸಿ ಕೊಡ್ತೀವ್ರಿ" ಎಂದೆ. ಹಸಿ ಭತ್ತದ ಲಾಟು ಕೊಳ್ಳಲು ಬಂದವರು ತೇವ ಜಾಸ್ತಿಯಾಯಿತು ಎಂದಾಗಲೂ ನಾನು ಇದೇ ದನಿಯಲ್ಲಿ ಇದೇ ಮಾತು ಹೇಳುತ್ತೇನೆ. ನೀನು ಬಾಗಿಲ ಹಿಂದೆಯೇ ಇದ್ದೆ ಎಂದು ನಿಮ್ಮವ್ವ ಆಮೇಲೆ ಹೇಳಿದಳು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಡಾಕ್ಟರು ಕಾಗದ ಮುಂದಿಟ್ಟು, ಹೊಲಿಗೆ ಬಿಚ್ಚಬಹುದು, ಸೋರಬಹುದು, ರಕ್ತ ಹೆಪ್ಪುಗಟ್ಟಬಹುದು, ಹೊಟ್ಟೆ ಮತ್ತೆ ಮೊದಲಿನಂತಾಗುವುದಿಲ್ಲ ಎಂದು ಎಲ್ಲ ಹೇಳಿ, "ಇಷ್ಟಾದ ಮ್ಯಾಲೂ ನಿಮಗ ಬೇಕೇನ್ರಿ?" ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಜಿಲಾನಸಾಬ, "ಬೇಕ್ರಿ, ಬೇಕಂತನ ಬಂದೀವ್ರಿ" ಎಂದುಬಿಟ್ಟ. ಡಾಕ್ಟರು ಅವನನ್ನು ಹೊರಗೆ ಕಳಿಸಿದರು. "ಹೊಟ್ಟಿ ಯಾರದೋ ಅವ್ರ ಹೇಳ್ಬೇಕು" ಎಂದರು. ಮಾರ್ಚಿನಲ್ಲಿ ಇದೇ ಕೋಣೆಗೆ, ಇದೇ ಡಾಕ್ಟರ ಮುಂದೆ, ಥೈರಾಯಿಡ್ ಪರೀಕ್ಷೆ ಎಂದು ಸುಳ್ಳು ಹೇಳಿ ನಿನ್ನನ್ನು ಕರೆತಂದಿದ್ದೆ. ಅವರು ನಿನ್ನನ್ನೂ ಕೇಳಿದ್ದರು: "ನಿನಗ ಬೇಕೇನವಾ?" ನೀನು ನನ್ನ ಮುಖ ನೋಡಿದೆ. ನಾನು "ಬೇಕ್ರಿ" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈಕಿಗಿಂತ ಮೊದ್ಲು ನಿಮಗ ಬೇಕಾಗೈತಲ್ರಿ" ಎಂದಾಗ ನೀನು ನಗಲೂ ಇಲ್ಲ. ವಾಪಸು ಬರುವಾಗ ಕೊಪ್ಪಳದ ಬಸ್ ನಿಲ್ದಾಣದಲ್ಲಿ ನೀರು ತರುತ್ತೇನೆಂದು ಇಳಿದವಳು ಎದುರಿಗೆ ನಿಂತಿದ್ದ ಕುಷ್ಟಗಿ ಬಸ್ಸು ಹತ್ತಿದೆ. ನಾನು ಕಿಟಕಿಯಿಂದ ನೋಡಿದೆ, ಕರೆಯಲಿಲ್ಲ. ನೀನು ಅಲ್ಲೇ ಶಾಲೆ ಹಿಡಿದು ಉಳಿದೆ, ಮನೆಗೆ ಬರಲಿಲ್ಲ. ನಿನಗೆ ತಿಳಿಯದ್ದು ಇನ್ನೊಂದಿದೆ. ಆ ದಿನ ನೀನು ಔಷಧಿ ಅಂಗಡಿಯ ಹತ್ತಿರ ನಿಂತಿದ್ದಾಗ ನಿನ್ನ ಹೆಸರಿನಲ್ಲಿ ಇದೇ ಶಸ್ತ್ರಚಿಕಿತ್ಸೆಗೆ ತಾರೀಕು ಬರೆಸಿಯೇ ಬಂದಿದ್ದೆ. ಮೇ ರಜೆಗೆಂದು ಬರೆಸಿದ್ದನ್ನು ದಸರೆಗೆ, ದಸರೆಯಿಂದ ಸಂಕ್ರಾಂತಿಗೆ ಮುಂದಕ್ಕೆ ಹಾಕಿಸುತ್ತ ಬಂದೆ. ಜನವರಿ ಒಂಬತ್ತು ಎಂದು ಈಗಲೂ ಅಲ್ಲಿದೆ.

ಆಮೇಲಿನದ್ದು ವಿಶೇಷವೇನಿಲ್ಲ. ಎಚ್ಚರವಾದಾಗ ನೋವಿದ್ದದ್ದು ಹೊಟ್ಟೆಯಲ್ಲಲ್ಲ, ಹೆಗಲಿನಲ್ಲಿ. ಒಳಗೆ ತುಂಬಿದ ಗಾಳಿಯದಂತೆ. ಅದೇ ಸಂಜೆ ವಾರ್ಡಿನ ಉದ್ದಕ್ಕೂ ನಡೆಸಿದರು. ಔಷಧಿ ಅಳೆಯುವ ಸಣ್ಣ ಲೋಟದಲ್ಲಿ ನೀರು, ಗುಟುಕಿಗೂ ಗುಟುಕಿಗೂ ನಡುವೆ ಗಡಿಯಾರ ನೋಡಬೇಕು. ಊರಿಗೆ ಬಂದ ಮೇಲೆ ನೋಡಲು ಬಂದವರೆಲ್ಲ ಮೋಸಂಬಿ, ಬ್ರೆಡ್ಡು ತಂದರು. ಯಾವುದನ್ನೂ ತಿನ್ನುವಂತಿರಲಿಲ್ಲ. ತಿನ್ನದಿದ್ದರೆ ಅವರು ನಿಮ್ಮವ್ವನ ಮುಖ ನೋಡುತ್ತಿದ್ದರು, ದೊಡ್ಡ ರೋಗವಿರಬೇಕೆಂದು. ಒಂದು ದಿನ ಅವಸರದಲ್ಲಿ ಎರಡು ಚಮಚ ಶಿರಾ ತಿಂದು ಬೆವತು, ಎದೆ ಬಡಿದುಕೊಂಡು, ನೆಲದ ಮೇಲೆ ಅರ್ಧ ತಾಸು ಮಲಗಿದ್ದೆ. ಕೂದಲು ಉದುರುತ್ತಿದೆ, ಅದು ಮತ್ತೆ ಬರುತ್ತದಂತೆ. ವಿಚಿತ್ರವೆಂದರೆ ಹಸಿವು ಹೋಗಿದೆ, ಉಣ್ಣುವ ಹೊತ್ತು ಹೋಗಿಲ್ಲ. ಒಂದು ಗಂಟೆಗೆ ಸರಿಯಾಗಿ ಕೈ ತೊಳೆದು ಕೂರುತ್ತೇನೆ. ನಾಲ್ಕು ಚಮಚ ಮುಗಿದ ಮೇಲೂ ಕೂತೇ ಇರುತ್ತೇನೆ. ಎದುರಿಗೆ ಕೂತ ನಿಮ್ಮವ್ವನಿಗೆ ಬಡಿಸಲು ಏನೂ ಇರುವುದಿಲ್ಲ. ನಾವು ಹೀಗೆ ಮುಖ ನೋಡುತ್ತ ಕೂತು ಎಷ್ಟು ವರ್ಷವಾಗಿತ್ತೋ.

ಅಂಗಡಿಗೆ ಹೋಗುತ್ತಿದ್ದೇನೆ. ಹೊಸ ಭತ್ತ ಬರುತ್ತಿದೆ, ರಸ್ತೆಯ ತುಂಬ ಟ್ರ್ಯಾಕ್ಟರು. ಹೊಸ ಅಕ್ಕಿ ಹಳೆ ಅಕ್ಕಿ ಬೇಯಿಸಿ ರುಚಿ ನೋಡುವ ಕೆಲಸ ಇನ್ನು ನನ್ನಿಂದ ಆಗದು ಎಂದುಕೊಂಡಿದ್ದೆ. ಮೊದಲು ಒಂದೊಂದು ಲಾಟಿಗೂ ಒಂದು ಬಟ್ಟಲು ತಿನ್ನುತ್ತಿದ್ದೆನಲ್ಲ, ಈಗ ಹತ್ತು ಕಾಳು ಬಾಯಲ್ಲಿಟ್ಟು ಅಗಿಯುತ್ತೇನೆ. ಅಷ್ಟೇ ತಿಳಿಯುತ್ತದೆ. ಹಾಗಾದರೆ ಮೂವತ್ತು ವರ್ಷ ಉಳಿದದ್ದನ್ನು ಯಾಕೆ ತಿಂದೆನೋ ಗೊತ್ತಿಲ್ಲ.

ನಿಮ್ಮವ್ವ ಆರಾಮ ಇದ್ದಾಳೆ. ಹುಲಿಗೆಮ್ಮನ ಗುಡಿಗೆ ಹೋಗಿಬರೋಣ ಎನ್ನುತ್ತಿದ್ದಾಳೆ, ಸಾಲಿನಲ್ಲಿ ನಿಲ್ಲಲು ಈಗ ನನಗೂ ತೊಂದರೆಯಿಲ್ಲ. ಕೆಮ್ಮಿಗೆ ಬಿಸಿನೀರು ಕುಡಿಯುವುದನ್ನು ಬಿಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಗಾದಿಲಿಂಗಪ್ಪ

ಮತ್ತೊಂದು ವಿಷಯ: ಜಿಲಾನಸಾಬ ನಾಳೆ ಕುಷ್ಟಗಿಗೆ ಬರುವವನಿದ್ದಾನೆ, ಅಂಚೆಗೆ ಹಾಕಿದರೆ ತಡವಾಗುತ್ತದೆಂದು ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಅವಸರಕ್ಕೆ ಕಾರಣವಿದೆ. ಬುಧವಾರ ಯಲಬುರ್ಗಾಕ್ಕೆ ಹೋಗಿದ್ದೆ. ಕನಕಪ್ಪನವರು ನನ್ನ ಸುತ್ತ ಒಂದು ಸುತ್ತು ಬಂದು, "ಭಾಳ ಛಲೋ ಆಗೀರಲ್ರಿ, ಆಕಿದೂ ಹಿಂಗ ಆದ್ರ ವೈಶಾಖದಾಗ ಅಕ್ಕಿಕಾಳು ಹಾಕಿ ಮದುವಿ ಮುಗಿಸಿಬಿಡೋಣು" ಎಂದರು. ನನ್ನ ಮೈ ಅವರಿಗೆ ಮಾದರಿಯಂತೆ ಕಂಡಿರಬೇಕು. ನಿಮ್ಮ ಹುಡುಗನಿಗೆ ಬೇರೆ ಕಡೆ ನೋಡಿರಿ ಎಂದು ಹೇಳಿ ಬಂದೆ. ಚಹಾ ಕೊಟ್ಟರು, ಕುಡಿಯಲು ಆಗಲಿಲ್ಲ, ಅದನ್ನೂ ಅವರು ತಪ್ಪು ತಿಳಿದರು. ನಿಮ್ಮವ್ವನಿಗೆ ಇನ್ನೂ ಹೇಳಿಲ್ಲ. ಮರುದಿನ ಹುಬ್ಬಳ್ಳಿಗೆ ಫೋನು ಮಾಡಿ ಜನವರಿ ಒಂಬತ್ತರ ವಿಷಯ ಎತ್ತಿದೆ. ಪಥ್ಯದ ಹುಡುಗಿಯೇ ಇದ್ದಳು. "ತಗದು ಹಾಕ್ಲೇನ್ರಿ ಯಜಮಾನ್ರ?" ಎಂದಳು. ಹಾಕವಾ ಎನ್ನಲು ಬಾಯಿ ತೆರೆದಿದ್ದೆ. ಆಮೇಲೆ, "ಆಕೀನ್ನ ಕೇಳ್ರಿ" ಎಂದು ನಿನ್ನ ನಂಬರು ಕೊಟ್ಟೆ. ಮಂಗಳವಾರ ಶಾಲೆ ಬಿಟ್ಟ ಮೇಲೆ ನಿನಗೆ ಫೋನು ಮಾಡುತ್ತಾರೆ. ಗುರುತಿಲ್ಲದ ನಂಬರು ಎಂದು ಬಿಡಬೇಡ, ಎತ್ತು. ಬೇಕೆಂದರೆ ಬೇಕು ಎನ್ನು, ಬೇಡವೆಂದರೆ ಬೇಡ. ಏನು ಹೇಳಿದಿ ಎಂದು ನನಗೆ ತಿಳಿಸಬಾರದೆಂದು ಅವರಿಗೆ ಹೇಳಿಟ್ಟಿದ್ದೇನೆ.